ಮ್ಯಾಚ್‌ಗೆ ಮುಂಚೆ ಬೆಂಕಿ ಹಚ್ಚೋ ಪದ್ಧತಿ: 12 ಜೀವ ಹೋದ ಮೇಲೂ ಮುಗಿಯದ ಕಿತ್ತಾಟ

ಕಾಮಣ್ಣನ್ನ ಸುಡೋಕೆ ಹುಡುಗರು ಕಟ್ಟಿಗೆ ಕೂಡಿಸೋದನ್ನ ನಾವೆಲ್ಲ ನೋಡಿದ್ದೀವಿ. ಆ ರಾಶಿ ಐದು ಮಹಡಿ ಎತ್ತರ ಇದ್ರೆ? ಅಮೆರಿಕದ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದಲ್ಲಿ ಅಂಥದ್ದೇ ಒಂದು ಪದ್ಧತಿ ಇತ್ತು. ಹೆಸರು ಬಾನ್‌ಫೈರ್.

ಕಾರಣ ಫುಟ್ಬಾಲ್ (ಚೆಂಡು ಕೈಯಲ್ಲಿ ಹಿಡ್ಕೊಂಡು ಓಡ್ತಾರಲ್ಲ, ಆ ಫುಟ್ಬಾಲ್). ಆಸ್ಟಿನ್‌ನ ಟೆಕ್ಸಾಸ್ ವಿವಿ ಇವರ ಬದ್ಧ ಎದುರಾಳಿ. ಆ ಮ್ಯಾಚ್‌ಗೆ ಮುಂಚೆ ರಾಶಿ ಸುಟ್ಟು, ಅವರನ್ನ ಸೋಲಿಸೋ ಕಿಚ್ಚು ನಮ್ಮಲ್ಲಿದೆ ಅಂತ ತೋರಿಸೋದು. ಶುರುವಿನಲ್ಲಿ ಕಸಕಡ್ಡಿ ಗುಡ್ಡೆ ಅಷ್ಟೇ. 1969ರಲ್ಲಿ 109 ಅಡಿ ಮುಟ್ಟಿತು. 1963ರಲ್ಲಿ ಅಧ್ಯಕ್ಷ ಕೆನಡಿ ಹತ್ಯೆ ಆದಾಗ ಮಾತ್ರ ಸುಡಲಿಲ್ಲ.

ಮರ ಕಡಿಯೋದು, ಸಾಗಿಸೋದು, ಒಟ್ಟೋದು ಎಲ್ಲಾ ವಿದ್ಯಾರ್ಥಿಗಳದ್ದೇ. ಅದೇ ಅವರ ಹೆಮ್ಮೆ, ಅಲ್ಲೇ ಎಡವಟ್ಟಾಗಿದ್ದು.

1999ರ ನವೆಂಬರ್ 18, ಬೆಳಗಿನ ಜಾವ 2.42ರ ಸುಮಾರು. ಸುಮಾರು 5,000 ದಿಮ್ಮಿಗಳ, 59 ಅಡಿಯ ರಾಶಿ ಮೇಲೆ ಕೆಲಸ ಮಾಡ್ತಿದ್ದವರ ಸಮೇತ ಕುಸೀತು. 12 ಮಂದಿ ಸತ್ತರು, 27 ಮಂದಿಗೆ ಗಾಯ. ಯಂತ್ರ ಹಚ್ಚಿ ಎಳೆದ್ರೆ ಒಳಗೆ ಸಿಕ್ಕಿದವರ ಮೇಲೆ ಉಳಿದದ್ದೂ ಬೀಳೋ ಭಯ. ಹಾಗಾಗಿ ಎಷ್ಟೋ ದಿಮ್ಮಿ ಕೈಯಲ್ಲೇ ಹೊತ್ತರು. ಫುಟ್ಬಾಲ್ ತಂಡದ ಆಟಗಾರರೂ ಬಂದು ಹೆಗಲು ಕೊಟ್ಟರು.

ತನಿಖಾ ಆಯೋಗ 2000ರಲ್ಲಿ ವರದಿ ಕೊಟ್ಟಿತು. ಮೇಲಿನ ಅಂತಸ್ತಿನ ದಿಮ್ಮಿಗಳು ಕೆಳಗಿನವುಗಳ ಸಂದಿಗೆ ಬೆಣೆ ಥರ ಇಳಿದು ಅವನ್ನ ಹೊರಗೆ ತಳ್ಳಿದ್ವು, ಸುತ್ತ ಬಿಗಿದ ತಂತಿಗೆ ತಡೆಯೋ ಶಕ್ತಿ ಇರಲಿಲ್ಲ. ಅಂಗಡಿಯಲ್ಲಿ ಮೂಟೆ ಒಟ್ಟೋರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಇಂಜಿನಿಯರಿಂಗ್ ಓದಿಸೋ ಕ್ಯಾಂಪಸ್‌ನಲ್ಲೇ ಇದಕ್ಕೊಂದು ಸರಿಯಾದ ಇಂಜಿನಿಯರಿಂಗ್ ಡಿಸೈನ್ ಇರಲಿಲ್ಲ!

ಅಲ್ಲಿಗೆ ಕ್ಯಾಂಪಸ್‌ನಲ್ಲಿ ಬೆಂಕಿ ನಿಂತಿತು. ಆದ್ರೆ ಹುಡುಗರು ಸುಮ್ಮನಾಗಲಿಲ್ಲ, ಕೆಲವೇ ವರ್ಷದಲ್ಲಿ ಹೊರಗಿನ ಜಾಗದಲ್ಲಿ ತಾವೇ ಸುಡೋಕೆ ಶುರು ಮಾಡಿದ್ರು. ವಿವಿ ಅದಕ್ಕೆ ಒಪ್ಪಿಗೆ ಕೊಟ್ಟಿಲ್ಲ.

ಎರಡೂ ತಂಡಗಳ ಮ್ಯಾಚ್ 2011ರ ನಂತರ ನಿಂತೇ ಹೋಗಿತ್ತು. 2024ರಲ್ಲಿ ಮತ್ತೆ ಶುರುವಾಗೋ ಹೊತ್ತಿಗೆ ಹಳೇ ಪ್ರಶ್ನೆ ಎದ್ದಿತು. ಈ ಸಲ ಗುತ್ತಿಗೆದಾರರಿಂದ ಕಟ್ಟಿಸಿ ಪದ್ಧತಿ ವಾಪಸ್ ತರೋಣ ಅಂತ ಒಂದು ಸಮಿತಿ ಸಲಹೆ ಕೊಟ್ಟಿತು. ನನ್ನ ಕೇಳಿದ್ರೆ, ಹುಡುಗರೇ ಕಟ್ಟದಿದ್ರೆ ಅದು ಆ ಪದ್ಧತಿನೇ ಅಲ್ಲ. ಹುಡುಗರ ಕೈಗೆ ಕೊಡೋ ಧೈರ್ಯ ಯಾರಿಗಿದೆ? ವಿವಿ ಅಧ್ಯಕ್ಷ ಮಾರ್ಕ್ ವೆಲ್ಷ್ ಬೇಡ ಅಂದ್ರು.

ನವೆಂಬರ್ 30ಕ್ಕೆ ಎ ಅಂಡ್ ಎಂ ಮೈದಾನದಲ್ಲೇ ಮ್ಯಾಚ್ ನಡೀತು. ಟೆಕ್ಸಾಸ್ 17-7ರಿಂದ ಗೆದ್ದಿತು. ರಾಶಿ ಬಿದ್ದ ಜಾಗದಲ್ಲಿ ಈಗ 12 ಕಲ್ಲಿನ ಬಾಗಿಲುಗಳಿವೆ, ಒಂದೊಂದೂ ಸತ್ತವರ ಊರಿನ ದಿಕ್ಕಿಗೆ ಮುಖ ಮಾಡಿ.