ಬಿದ್ದ ಮರದಲ್ಲಿ ಚೈನ್ ಸಾ ಕೆತ್ತನೆ: ಮೊದಲು ಅಣಬೆ, ಆಮೇಲೆ ಆನೆ

ಗಾಳಿಮಳೆಗೆ ತೋಟದಲ್ಲಿ ಮರ ಬಿದ್ರೆ ನಮ್ಮ ಬಸರಾಳು ಕಡೆ ಅದಕ್ಕೆ ಎರಡೇ ದಾರಿ. ಒಂದು ಮನೆ ಒಲೆ, ಇನ್ನೊಂದು ಇಟ್ಟಿಗೆ ಗೂಡು. ಗೂಡಿಗೆ ಕೊಟ್ರೆ ವ್ಯಾಪಾರಿ ಹೇಳಿದ್ದೇ ರೇಟು. ಅದೇ ಬೆಂಗಳೂರಿನ ಲಾಲ್‌ಬಾಗಿಗೆ ಹೋದವರು ನೋಡಿರ್ತೀರಿ, ಬಿದ್ದ ಹಳೇ ಮರಗಳ ಬೊಡ್ಡೆಗಳನ್ನು ಕಲಾವಿದರು ಶಿಲ್ಪ ಮಾಡಿ ನಿಲ್ಲಿಸಿದ್ದಾರೆ. ನಮ್ಮ ಊರುಗಳಲ್ಲೂ ಈಗ ಮರ ಕೊಯ್ಯೋ ಮೆಷಿನ್, ಅಂದ್ರೆ ಚೈನ್ ಸಾ, ಅಪರೂಪವಲ್ಲ. "ಹತ್ತು ನಿಮಿಷದ ವೀಡಿಯೊದಲ್ಲಿ ಕರಡಿ ಕೆತ್ತಿಬಿಡ್ತಾರಲ್ಲ ಅಣ್ಣ, ನಾವೂ ಶುರು ಮಾಡ್ಬಹುದಾ?" ಅಂತ ಹುಡುಗರು ಕೇಳ್ತಾರೆ.

ಖಂಡಿತ ಮಾಡಬಹುದು. ಆದರೆ ಕರಡಿಯಿಂದ ಅಲ್ಲ, ಅಣಬೆಯಿಂದ. ಯಾಕೆ ಅನ್ನೋದನ್ನ ಮೊದಲು ತಿಳ್ಕೊಳ್ಳಿ.

ಅಪಾಯ ಇರೋದು ಬಾರ್ ತುದಿಯಲ್ಲಿ

ಚೈನ್ ಸುತ್ತೋ ಉದ್ದನೆಯ ಪಟ್ಟಿಗೆ ಬಾರ್ ಅಂತಾರೆ. ಅದರ ತುದಿಯ ಮೇಲಿನ ಕಾಲು ಭಾಗ ಮರಕ್ಕೆ ತಾಗಿದರೆ ಹಲ್ಲು ಸಿಕ್ಕಿಕೊಳ್ಳುತ್ತೆ, ಇಡೀ ಮೆಷಿನ್ ಹಿಡಿದವರ ಮುಖ, ಕತ್ತಿನ ಕಡೆಗೆ ಎಗರುತ್ತೆ. ಇದಕ್ಕೆ ಕಿಕ್‌ಬ್ಯಾಕ್ ಅನ್ನೋದು. ಚೈನ್ ಸೆಕೆಂಡಿಗೆ ಸುಮಾರು 20 ಮೀಟರ್ ವೇಗದಲ್ಲಿ ಓಡ್ತಿರುತ್ತೆ. ಎಗರಿದ್ದು ಕಣ್ಣಿಗೆ ಕಂಡು ಕೈ ಸರಿಸೋಷ್ಟು ಸಮಯ ಸಿಗಲ್ಲ.

ವೀಡಿಯೊದಲ್ಲಿ ಕಲಾವಿದರು ತುದಿಯಲ್ಲೇ ಕಣ್ಣು, ಮೂಗು ಬಿಡಿಸೋದು ನಿಜ. ಅವರ ಮೆಷಿನ್ನಿಗೆ ಹಾಕಿರೋದು ಕಾರ್ವಿಂಗ್ ಬಾರ್. ಅದರ ತುದಿ ನಾಣ್ಯದಷ್ಟು ಚಿಕ್ಕದು, ಹಾಗಾಗಿ ಎಗರೋ ಬಲ ತುಂಬಾ ಕಮ್ಮಿ. ನಮ್ಮಲ್ಲಿರೋ ಮರ ಕೊಯ್ಯೋ ಬಾರಿನ ತುದಿ ಅಗಲ. ಅದರಲ್ಲಿ ಆ ಕೆಲಸ ಮಾಡಬಾರದು. ಅಣಬೆ ಮಾಡೋಕೆ ತುದಿ ಬೇಕಾಗಿಯೇ ಇಲ್ಲ, ಬಾರಿನ ನಡುಭಾಗ ಸಾಕು. ಅದಕ್ಕೇ ಅದು ಮೊದಲ ಪಾಠ.

ಮೆಷಿನ್ ಮತ್ತು ಮೈಮೇಲಿನ ಬಟ್ಟೆ

- 35ರಿಂದ 45 ಸಿಸಿ ಎಂಜಿನ್, 12 ಅಥವಾ 14 ಇಂಚಿನ ಬಾರ್ ಸಾಕು. ದೊಡ್ಡದು ತಗೊಂಡ್ರೆ ಕೈ ಬೇಗ ಸೋಲುತ್ತೆ, ಕೈ ಸೋತಾಗಲೇ ಅನಾಹುತ ಆಗೋದು.
- ಚೈನ್ ಬ್ರೇಕ್ ಕೆಲಸ ಮಾಡುತ್ತಾ ಅಂತ ದಿನಾ ನೋಡಿ. ಕೆಟ್ಟಿದ್ದರೆ ಅವತ್ತು ಕೆಲಸ ಬೇಡ.
- ಪೆಟ್ರೋಲಿಗೆ ಟೂ ಸ್ಟ್ರೋಕ್ ಆಯಿಲ್ ಎಷ್ಟು ಅನ್ನೋದು ಮೆಷಿನ್ ಜೊತೆ ಬಂದ ಪುಸ್ತಕದಲ್ಲಿರುತ್ತೆ. 50:1 ಅಂದಿದ್ದರೆ ಲೀಟರಿಗೆ 20 ಮಿಲಿ, 25:1 ಅಂದಿದ್ದರೆ 40 ಮಿಲಿ.
- ಚೈನಿಗೆ ಟ್ರ್ಯಾಕ್ಟರ್‌ನ ಸುಟ್ಟ ಆಯಿಲ್ ಹಾಕಬೇಡಿ. ಅದು ಚಿಮ್ಮಿ ಬೀಳೋದು ನಮ್ಮ ಮಣ್ಣಿಗೇ.
- ಪಂಚೆ, ಲುಂಗಿ, ಹೆಗಲ ಮೇಲಿನ ಟವೆಲ್, ಹವಾಯಿ ಚಪ್ಪಲಿ ಯಾವುದೂ ಬೇಡ. ಮುಖಕ್ಕೆ ಜಾಲರಿ ಇರೋ ಹೆಲ್ಮೆಟ್, ಕಿವಿಮುಚ್ಚುಗೆ, ಗಟ್ಟಿ ಬೂಟು, ಕೈಗವಸು ಬೇಕೇ ಬೇಕು. ಚೈನ್ ಸಾ ಕೆಲಸಕ್ಕೆ ಅಂತಲೇ ಪ್ಯಾಂಟ್ ಬರುತ್ತೆ. ಅದರೊಳಗಿನ ನಾರು ಚೈನಿಗೆ ಸುತ್ಕೊಂಡು ನಿಲ್ಲಿಸುತ್ತೆ. ದುಬಾರಿ ಹೌದು, ಆದರೆ ಕಾಲಿಗಿಂತ ಅಲ್ಲ.

ಯಾವ ಮರ?

ನಮ್ಮೂರ ಮಲ್ಲಿಕಾರ್ಜುನ ದೇವಸ್ಥಾನವನ್ನು 1234ರಲ್ಲಿ ಹೊಯ್ಸಳರ ದಂಡನಾಯಕ ಹರಿಹರ ಕಟ್ಟಿಸಿದ್ದು. ಅಷ್ಟು ಸಣ್ಣ ಕುಸುರಿ ಸಾಧ್ಯವಾಗಿದ್ದು ಶಿಲ್ಪಿಗಳ ಕೈಚಳಕದ ಜೊತೆಗೆ ಬಳಪದ ಕಲ್ಲಿನಿಂದ. ಕಣಿಯಿಂದ ತೆಗೆದಾಗ ಅದು ಮೆತ್ತಗಿರುತ್ತೆ. ಮರಕ್ಕೂ ಇದೇ ಲೆಕ್ಕ. ಮೆತ್ತನೆಯ ಮರ ಆರಿಸಿ, ಹಸಿ ಇದ್ದಾಗಲೇ ಕೆತ್ತಿ. ದೂಳೂ ಕಮ್ಮಿ.

ಕಲಿಯೋರಿಗೆ ಸಿಲ್ವರ್ ಓಕ್, ಮಾವು ಒಳ್ಳೇದು. ನೀಲಗಿರಿ ಬೇಡ, ಒಣಗುವಾಗ ತಿರುಚಿ ಸೀಳುತ್ತೆ. ನಮ್ಮಲ್ಲಿ ಜಾಸ್ತಿ ಸಿಗೋದು ತೆಂಗು. ಅದರ ಕಾಂಡ ಹೊರಗೆ ಕಲ್ಲು, ಒಳಗೆ ಮೆದು. ಬೆಂಚಿಗೆ ಆಗುತ್ತೆ, ಆಕಾರ ಕೆತ್ತೋಕೆ ಆಗಲ್ಲ, ಚೈನನ್ನೂ ಬೇಗ ಮೊಂಡು ಮಾಡುತ್ತೆ. ಬೇಲಿಸಾಲಿನ ಮರ ಆದರೆ ಒಳಗೆ ಮೊಳೆ, ಮುಳ್ಳುತಂತಿ ಸೇರಿರುತ್ತೆ. ಆ ಭಾಗ ಬಿಟ್ಟುಬಿಡಿ.

ಇನ್ನೊಂದು ಮಾತು. ನಾನು ಹೇಳ್ತಿರೋದು ಬಿದ್ದ ಮರದ ವಿಷಯ. ನಿಂತ ಮರ ಕಡಿಯೋಕೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ. ತೆಂಗು, ನೀಲಗಿರಿ, ಸಿಲ್ವರ್ ಓಕ್‌ನಂಥ ಕೆಲವಕ್ಕೆ ವಿನಾಯಿತಿ ಇದ್ದರೂ ಅರಣ್ಯ ಇಲಾಖೆಯ ವಲಯ ಕಚೇರಿಯಲ್ಲಿ ಕೇಳಿಯೇ ಮುಂದುವರಿಯಿರಿ.

ಅಣಬೆ ಮಾಡೋ ಕ್ರಮ

1. ಒಂದಡಿ ದಪ್ಪ, ಐದಡಿ ಉದ್ದದ ದಿಮ್ಮಿ ತಗೊಳ್ಳಿ. ಬೇಲಿ ಕಂಬ ನೆಟ್ಟ ಹಾಗೆ ಒಂದೂವರೆ ಅಡಿ ಹೂತು ಮಣ್ಣು ದಮ್ಮಸ್ಸು ಮಾಡಿ. ಆಗ ಕೆಲಸ ಸೊಂಟದ ಎತ್ತರಕ್ಕೆ ಬರುತ್ತೆ. ಅಲ್ಲಾಡೋ ದಿಮ್ಮಿಯಲ್ಲಿ, ಹೆಗಲಿಗಿಂತ ಮೇಲೆ ಯಾವತ್ತೂ ಮೆಷಿನ್ ಆಡಿಸಬೇಡಿ.
2. ತೊಗಟೆ ಪೂರ್ತಿ ತೆಗೀರಿ. ಕೊರೆಯೋ ಹುಳ ಸೇರ್ಕೊಳ್ಳೋದು ಅದರಡಿಯಲ್ಲೇ. ಮೇಲಿನಿಂದ 8 ಇಂಚಿಗೆ ಸುತ್ತಲೂ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಅದು ಕೊಡೆ. ಅದರ ಕೆಳಗೆ 10 ಇಂಚಿಗೆ ಇನ್ನೊಂದು ಗೆರೆ. ಅದು ಕಾಂಡ.
3. ಕೊಡೆಯ ಅಂಚನ್ನು ನಾಲ್ಕು ಕಡೆ ಓರೆಯಾಗಿ ಕೊಯ್ಯಿರಿ. ಉಳಿದ ನಾಲ್ಕು ಮೂಲೆ ತೆಗೆದರೆ ಎಂಟು ಮುಖ ಆಗುತ್ತೆ. ಹೀಗೇ ತೆಳುವಾಗಿ ಸವರ್ತಾ ಹೋದರೆ ದುಂಡಗೆ ಬರುತ್ತೆ.
4. ಮೇಲಿನ ಗೆರೆಯಲ್ಲಿ ಮೆಷಿನ್ ಅಡ್ಡಲಾಗಿ ಮಲಗಿಸಿ ಎರಡೂವರೆ ಇಂಚು ಆಳಕ್ಕೆ ಕೊಯ್ದು ನಿಲ್ಲಿಸಿ. ನಾಲ್ಕೂ ಕಡೆ ಹೀಗೆ ಮಾಡಿ. ಅಲ್ಲಿಂದ ಕೆಳಗಿನ ಗೆರೆವರೆಗೆ ಇಂಚಿಗೊಂದರಂತೆ ಅಷ್ಟೇ ಆಳದ ಕೊಯ್ತ ಹಾಕಿ.
5. ಮೆಷಿನ್ ಆರಿಸಿ. ನಡುವೆ ಉಳಿದ ತೆಳು ಬಿಲ್ಲೆಗಳನ್ನು ಉಳಿ, ಸುತ್ತಿಗೆಯಲ್ಲಿ ಹೊಡೀರಿ. ನಾರು ಮೊದಲೇ ತುಂಡಾಗಿರೋದ್ರಿಂದ ಪಟಪಟ ಅಂತ ಉದುರುತ್ತೆ. ಕಾಂಡವನ್ನು ಉಳಿಯಲ್ಲೇ ದುಂಡು ಮಾಡಿ.
6. ಕೊನೆಗೆ ಬುಡದಲ್ಲಿ ಕೊಯ್ದು ಬಿಡಿಸಿ. ಹಸಿ ಮರ ಭಾರ ಇರುತ್ತೆ, ಬೀಳೋ ಕಡೆ ಕಾಲು ಇಡಬೇಡಿ.

ಉದ್ದಕ್ಕೂ ಎರಡೂ ಕೈ ಮೆಷಿನ್ ಮೇಲೇ ಇರಬೇಕು, ಎಡಗೈ ಹೆಬ್ಬೆರಳು ಹಿಡಿಯನ್ನು ಸುತ್ತಿರಬೇಕು. ಬಾರಿನ ನೇರಕ್ಕೆ ನಿಲ್ಲದೆ ಸ್ವಲ್ಪ ಎಡಕ್ಕೆ ನಿಲ್ಲಿ. ಒಬ್ಬರೇ ಇದ್ದಾಗ ಕೆಲಸ ಬೇಡ. ಜೊತೆಗಿರೋರು ಹತ್ತಡಿಗಿಂತ ದೂರ ಇರಲಿ, ಮಕ್ಕಳು ಹತ್ತಿರ ಸುಳಿಯಬಾರದು.

ಬೀಳೋ ಹೊಟ್ಟನ್ನೂ ಗಮನಿಸಿ. ಚಕ್ಕೆ ಚಕ್ಕೆಯಾಗಿ ಬಿದ್ರೆ ಚೈನ್ ಚೂಪಾಗಿದೆ. ಹಿಟ್ಟಿನ ಹಾಗೆ ಬಂದ್ರೆ ಮೊಂಡಾಗಿದೆ. ಆಗ ಒತ್ತಿ ಕೊಯ್ಯೋದಲ್ಲ, ನಿಲ್ಲಿಸಿ ದುಂಡನೆ ಅರದಲ್ಲಿ ಮಸೆಯೋದು. ಈ ಹೊಟ್ಟನ್ನು ತರಕಾರಿ ಮಡಿಗೆ ಹಾಕಬೇಡಿ. ಆಯಿಲ್ ಇರುತ್ತೆ, ಕೊಳೆಯುವಾಗ ಮಣ್ಣಿನ ಸಾರಜನಕವನ್ನೂ ಎಳ್ಕೊಳ್ಳುತ್ತೆ. ಓಡಾಡೋ ದಾರಿಗೆ ಹರವಿ.

ಸೀಳದ ಹಾಗೆ ಒಣಗಿಸೋದು

ದಿಮ್ಮಿ ಸೀಳೋದು ಕೆತ್ತನೆಯ ತಪ್ಪಿಂದ ಅಲ್ಲ. ಮರ ಒಣಗುವಾಗ ತಿರುಳಿನ ಕಡೆಗೆ ಕುಗ್ಗೋದಕ್ಕಿಂತ ಸುತ್ತಳತೆಯಲ್ಲಿ ಹೆಚ್ಚುಕಮ್ಮಿ ಎರಡರಷ್ಟು ಕುಗ್ಗುತ್ತೆ. ಎಲ್ಲೋ ಒಂದು ಕಡೆ ಬಿರಿಯಲೇಬೇಕು. ಹಾಗಾಗಿ ಹಿಂಬದಿಯಲ್ಲಿ, ಕಾಣದ ಕಡೆ, ತಿರುಳಿನವರೆಗೆ ನಾವೇ ಒಂದು ಉದ್ದ ಸೀಳು ಕೊಟ್ಟರೆ ಬಿರುಕು ಬಹುಪಾಲು ಅಲ್ಲೇ ಅಗಲವಾಗುತ್ತೆ, ಮುಂಭಾಗ ಉಳಿಯುತ್ತೆ. ಕೊಯ್ದ ತುದಿಗಳಿಗೆ ಮೇಣ ಸವರಿ, ಬಿಸಿಲಿಗೆ ಹಾಕದೆ ನೆರಳಲ್ಲಿ ತಿಂಗಳುಗಟ್ಟಲೆ ಬಿಡಿ. ಆಮೇಲೆ ಅಗಸೆ ಎಣ್ಣೆ ಹಚ್ಚಿ. ತೋಟದಲ್ಲಿಡುವಾಗ ಮಣ್ಣಿನ ಮೇಲಲ್ಲ, ಚಪ್ಪಡಿ ಕಲ್ಲಿನ ಮೇಲಿಡಿ. ಗೆದ್ದಲಿಗೆ ವಿಷ ಹಾಕೋ ಅಗತ್ಯ ಅಷ್ಟರಮಟ್ಟಿಗೆ ಕಮ್ಮಿ ಆಗುತ್ತೆ.

ಹೀಗೆ ಐದಾರು ಅಣಬೆ ಮಾಡಿ. ಆಳ ಒಂದೇ ಸಮ ಬರೋಕೆ ಶುರುವಾದ ಮೇಲೆ ಸ್ಟೂಲು, ಬೆಂಚು ಮಾಡಬಹುದು. ಕಾರ್ವಿಂಗ್ ಬಾರ್, ಅದಕ್ಕೊಪ್ಪುವ ಚೈನ್ ತಗೊಳ್ಳೋದು ಆಮೇಲೆ. ಅದನ್ನು ಹಾಕಿದ ದಿನ, ಕೈ ಪಳಗಿದ ಒಬ್ಬರನ್ನು ಪಕ್ಕದಲ್ಲಿ ನಿಲ್ಲಿಸ್ಕೊಂಡು ಆನೆಗೆ ಕೈ ಹಾಕಿ.