ಮೆಲ್ಬೋರ್ನ್ ಕಪ್ಪಿನ ಮುನ್ನಾದಿನಗಳು

ನಳಮಹಾರಾಜನ ಕಥೆಯನ್ನು ಕೇಳದವರು ನಮ್ಮಲ್ಲಿ ವಿರಳ. ಜೂಜಿನಲ್ಲಿ ರಾಜ್ಯವನ್ನು ಸೋತ ಆ ಅರಸನು ಬಾಹುಕನೆಂಬ ಹೆಸರಿನಿಂದ ಋತುಪರ್ಣನ ಬಳಿ ಸಾರಥಿಯಾಗಿದ್ದಾಗ, ಒಂದೇ ದಿನದಲ್ಲಿ ವಿದರ್ಭವನ್ನು ಸೇರಬೇಕಾದ ಸಂದರ್ಭವು ಒದಗಿತು. ಬಾಹುಕನು ಲಾಯದಿಂದ ಆರಿಸಿ ತಂದ ಕುದುರೆಗಳು ನೋಡುವುದಕ್ಕೆ ಬಡಕಲಾಗಿದ್ದುವು. ಇವು ನಮ್ಮನ್ನು ಎಲ್ಲಿಗೆ ಕೊಂಡೊಯ್ದಾವು ಎಂದು ಅರಸನು ಸಂದೇಹಪಟ್ಟನು. ಬಾಹುಕನು ಅವುಗಳ ಸುಳಿಗಳನ್ನೂ ಲಕ್ಷಣಗಳನ್ನೂ ತೋರಿಸಿ ಸಮಾಧಾನ ಹೇಳಿದನು. ರಥವು ಗಾಳಿಯಂತೆ ಹೋಯಿತು. ದಾರಿಯಲ್ಲಿ ಅವರಿಬ್ಬರೂ ತಮ್ಮ ವಿದ್ಯೆಗಳನ್ನು ಬದಲಾಯಿಸಿಕೊಳ್ಳಲು ಒಪ್ಪಿಕೊಂಡರು. ಋತುಪರ್ಣನದು ಅಕ್ಷಹೃದಯ, ಎಂದರೆ ದಾಳದ ಮರ್ಮ. ನಳನದು ಅಶ್ವಹೃದಯ, ಎಂದರೆ ಕುದುರೆಯ ಮರ್ಮ.

ಲೋಕದ ಯಾವ ಕುದುರೆಯ ಪಂದ್ಯಕ್ಕೆ ಹೋದರೂ ಈ ಎರಡು ವಿದ್ಯೆಗಳೂ ಅಲ್ಲಿ ಮುಖಾಮುಖಿಯಾಗಿ ನಿಂತಿರುತ್ತವೆ. ಪಣ ಕಟ್ಟುವವರ ಗದ್ದಲವು ದೊಡ್ಡದಾದುದರಿಂದ ಮೊದಲನೆಯದೇ ನಮ್ಮ ಕಿವಿಗೆ ಹೆಚ್ಚಾಗಿ ಬೀಳುತ್ತದೆ. ಎರಡನೆಯದು ಲಾಯದ ಮೌನದಲ್ಲಿ ನಡೆಯುವಂಥದು. ಈ ಭಾಷಣದಲ್ಲಿ ನಾವು ಆ ಎರಡನೆಯ ವಿದ್ಯೆಯನ್ನು ಕುರಿತು ವಿಚಾರ ಮಾಡೋಣ. ಅದಕ್ಕೆ ಉದಾಹರಣೆಯಾಗಿ ಆಸ್ಟ್ರೇಲಿಯ ದೇಶದ ಮೆಲ್ಬೋರ್ನ್ ಕಪ್ ಎಂಬ ಪ್ರಸಿದ್ಧವಾದ ಪಂದ್ಯವನ್ನು ತೆಗೆದುಕೊಂಡಿದ್ದೇವೆ.

ಈ ಪಂದ್ಯವು ಪ್ರತಿವರ್ಷವೂ ನವೆಂಬರ್ ತಿಂಗಳ ಮೊದಲನೆಯ ಮಂಗಳವಾರ ಮಧ್ಯಾಹ್ನ ಮೂರು ಗಂಟೆಗೆ ಮೆಲ್ಬೋರ್ನ್ ನಗರದ ಫ್ಲೆಮಿಂಗ್ಟನ್ ಮೈದಾನದಲ್ಲಿ ನಡೆಯುತ್ತದೆ. ಆ ನಗರಕ್ಕೆ ಅಂದು ಸರ್ಕಾರಿ ರಜಾ. ಓಟದ ದೂರವು ೩,೨೦೦ ಮೀಟರು, ಎಂದರೆ ಹೆಚ್ಚು ಕಡಮೆ ಎರಡು ಮೈಲಿ. ೧೯೯೦ರಲ್ಲಿ ಕಿಂಗ್‌ಸ್ಟನ್ ರೂಲ್ ಎಂಬ ಕುದುರೆಯು ಇದನ್ನು ೩ ನಿಮಿಷ ೧೬.೩ ಸೆಕೆಂಡುಗಳಲ್ಲಿ ಮುಗಿಸಿ ದಾಖಲೆಯನ್ನು ಸ್ಥಾಪಿಸಿತು. ಮೂರು ನಿಮಿಷದ ಈ ಓಟಕ್ಕೆ ಸಿದ್ಧತೆಯಾದರೋ ತಿಂಗಳುಗಟ್ಟಲೆ. ಭೂಮಧ್ಯರೇಖೆಯ ಕೆಳಗಿನ ಆ ನಾಡಿನಲ್ಲಿ ನವೆಂಬರ್ ವಸಂತಕಾಲ. ಮೈದಾನದ ಸುತ್ತಲೂ ಇರುವ ಸಾವಿರಾರು ಗುಲಾಬಿಯ ಗಿಡಗಳು ಸರಿಯಾಗಿ ಆ ವಾರದಲ್ಲಿಯೇ ಅರಳುವಂತೆ ತೋಟಗಾರರು ಮೊದಲೇ ಲೆಕ್ಕಹಾಕಿ ಸವರಿರುತ್ತಾರೆ. ಹೂವಿಗೇ ಇಷ್ಟು ಮುಂದಾಲೋಚನೆಯಾದರೆ ಕುದುರೆಗೆ ಎಷ್ಟಿರಬೇಡ!

ಸಿದ್ಧತೆಯಲ್ಲಿ ಮೊದಲನೆಯದು ಭಾರದ ನಿರ್ಣಯ. ಇದನ್ನು ಹ್ಯಾಂಡಿಕ್ಯಾಪ್ ಎನ್ನುತ್ತಾರೆ. ಬಲವಾದ ಕುದುರೆಯೂ ಸಾಧಾರಣವಾದ ಕುದುರೆಯೂ ಒಂದೇ ಭಾರವನ್ನು ಹೊತ್ತು ಓಡಿದರೆ ಫಲವು ಮೊದಲೇ ತಿಳಿದಂತೆಯೇ ಸರಿ. ಆದಕಾರಣ ಹಿಂದಿನ ಪಂದ್ಯಗಳಲ್ಲಿ ಪ್ರತಿಯೊಂದು ಕುದುರೆಯೂ ತೋರಿಸಿದ ಸಾಮರ್ಥ್ಯವನ್ನು ತೂಗಿ ನೋಡಿ, ಹೆಚ್ಚು ಸಮರ್ಥವಾದುದಕ್ಕೆ ಹೆಚ್ಚು ಭಾರವನ್ನೂ ಕಡಮೆಯದಕ್ಕೆ ಕಡಮೆ ಭಾರವನ್ನೂ ಅಧಿಕಾರಿಯು ಗೊತ್ತುಮಾಡುತ್ತಾನೆ. ಈಗಿನ ನಿಯಮದಂತೆ ಅತ್ಯಂತ ಕಡಮೆಯ ಭಾರವು ೫೦ ಕಿಲೋಗ್ರಾಂ. ಸವಾರನೂ ಜೀನೂ ಸೇರಿ ಆ ತೂಕವು ಬರಬೇಕು. ಸಾಲದೆ ಹೋದರೆ ಸೀಸದ ತುಂಡುಗಳನ್ನಿಟ್ಟು ಭರ್ತಿಮಾಡುತ್ತಾರೆ. ಓಟಕ್ಕೆ ಮೊದಲೂ ಓಟದ ಅನಂತರವೂ ಸವಾರನು ತಕ್ಕಡಿಯ ಮೇಲೆ ಕುಳಿತು ಲೆಕ್ಕವನ್ನೊಪ್ಪಿಸಬೇಕು. ಎಲ್ಲ ಕುದುರೆಗಳೂ ಗುರಿಯನ್ನು ಒಟ್ಟಿಗೆ ಮುಟ್ಟುವಂತಾಗಲಿ ಎಂಬುದೇ ಭಾರ ಗೊತ್ತುಮಾಡುವವನ ಆದರ್ಶ. ಈ ಭಾರಗಳ ಪಟ್ಟಿ ಹೊರಬಿದ್ದ ದಿನದಿಂದಲೇ ಊರೂರಿನಲ್ಲಿಯೂ ಚರ್ಚೆಯು ಆರಂಭವಾಗುತ್ತದೆ.

ಮೊದಲನೆಯ ಪಂದ್ಯವು ನಡೆದದ್ದು ೧೮೬೧ರಲ್ಲಿ. ಹದಿನೇಳು ಕುದುರೆಗಳು ಓಡಿದುವು. ಗೆದ್ದದ್ದು ನ್ಯೂ ಸೌತ್ ವೇಲ್ಸ್ ಪ್ರಾಂತದಿಂದ ಬಂದ ಆರ್ಚರ್. ಈ ಆರ್ಚರನು ಐನೂರು ಮೈಲಿ ನಡೆದುಕೊಂಡೇ ಮೆಲ್ಬೋರ್ನನ್ನು ಸೇರಿತೆಂಬ ಕಥೆಯು ಬಹಳ ಕಾಲ ಪ್ರಚಾರದಲ್ಲಿತ್ತು. ನಿಜವಾಗಿ ಅದು ಬಂದದ್ದು ಉಗಿಹಡಗಿನಲ್ಲಿ. ೧೮೬೨ರಲ್ಲಿಯೂ ಅದೇ ಗೆದ್ದಿತು. ೧೮೬೩ರಲ್ಲಿ ಅದಕ್ಕೆ ೧೧ ಸ್ಟೋನ್ ೪ ಪೌಂಡು, ಎಂದರೆ ಸುಮಾರು ೭೨ ಕಿಲೋಗ್ರಾಂ ಭಾರವನ್ನು ಗೊತ್ತುಮಾಡಿದರು. ಒಪ್ಪಿಗೆಯನ್ನು ತಿಳಿಸುವ ತಂತಿಯು ಮೆಲ್ಬೋರ್ನಿನಲ್ಲಿ ರಜಾ ಇದ್ದುದರಿಂದ ಅವಧಿ ಮೀರಿ ಮುಟ್ಟಿತು, ಕುದುರೆಯನ್ನು ಸೇರಿಸಿಕೊಳ್ಳಲಿಲ್ಲ. ಇತರ ಪ್ರಾಂತಗಳ ಒಡೆಯರು ಕೋಪಗೊಂಡು ತಮ್ಮ ಕುದುರೆಗಳನ್ನೂ ಹಿಂದಕ್ಕೆ ತೆಗೆದುಕೊಂಡರು. ಆ ವರ್ಷ ಓಡಿದವು ಏಳೇ ಏಳು. ಸಿದ್ಧತೆಯೆಂಬುದು ಲಾಯದಲ್ಲಿ ಮಾತ್ರವಲ್ಲ, ಕಾಗದಪತ್ರಗಳಲ್ಲಿಯೂ ಸರಿಯಾಗಿರಬೇಕೆಂಬ ಪಾಠವು ಇದರಿಂದ ದೊರಕಿತು.

ಇದಕ್ಕಿಂತಲೂ ವಿಲಕ್ಷಣವಾದದ್ದು ಫಾರ್ ಲ್ಯಾಪ್ ಎಂಬ ಕುದುರೆಯ ಕಥೆ. ನ್ಯೂಜಿಲೆಂಡಿನಲ್ಲಿ ಹುಟ್ಟಿದ ಈ ಕೆಂಪು ಕುದುರೆಯು ೧೯೩೦ರ ಪಂದ್ಯವನ್ನು ಗೆಲ್ಲುವುದೆಂದು ಎಲ್ಲರಿಗೂ ನಂಬಿಕೆಯಿತ್ತು. ಪಂದ್ಯಕ್ಕೆ ಮೂರು ದಿನ ಮೊದಲು, ನವೆಂಬರ್ ೧ರ ಶನಿವಾರ ಬೆಳಗ್ಗೆ, ಅಭ್ಯಾಸ ಮುಗಿಸಿ ಹಿಂದಿರುಗುತ್ತಿದ್ದ ಆ ಕುದುರೆಯ ಮೇಲೆ ಯಾರೋ ಮೋಟಾರಿನಿಂದ ಗುಂಡು ಹಾರಿಸಿದರು. ಪಣದ ಹಣವೇ ಇದರ ಹಿಂದಿತ್ತೆಂದು ಜನ ನಂಬಿದರು. ಅದನ್ನು ನೋಡಿಕೊಳ್ಳುತ್ತಿದ್ದ ಆಳು ಟಾಮಿ ವುಡ್‌ಕಾಕನು ತನ್ನ ತಟ್ಟುವನ್ನು ನಡುವೆ ತಂದು ಅಡ್ಡವಾಗಿ ನಿಂತನು. ಗುಂಡು ತಾಗಲಿಲ್ಲ. ಅದೇ ಮಧ್ಯಾಹ್ನ ಫಾರ್ ಲ್ಯಾಪ್ ಮತ್ತೊಂದು ಪಂದ್ಯದಲ್ಲಿ ಓಡಿ ಗೆದ್ದಿತು. ಬಳಿಕ ಅದನ್ನು ಊರಿನಿಂದ ದೂರದಲ್ಲಿ ಬಚ್ಚಿಟ್ಟು, ಮಂಗಳವಾರ ಹೊತ್ತಿಗೆ ಸರಿಯಾಗಿ ಮೈದಾನಕ್ಕೆ ತಂದರು. ೯ ಸ್ಟೋನ್ ೧೨ ಪೌಂಡು ಭಾರವನ್ನು ಹೊತ್ತು ಅದು ಕಪ್ಪನ್ನು ಗೆದ್ದಿತು. ಮರುವರ್ಷ ೧೦ ಸ್ಟೋನ್ ೧೦ ಪೌಂಡನ್ನು ಹೊರಿಸಿದಾಗ ಎಂಟನೆಯ ಸ್ಥಾನಕ್ಕೆ ಇಳಿಯಿತು. ೧೯೩೨ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಅದು ಸತ್ತಿತು. ೬.೨ ಕಿಲೋಗ್ರಾಂ ತೂಗುವ ಅದರ ಹೃದಯವು ಕ್ಯಾನ್‌ಬೆರದ ವಸ್ತುಸಂಗ್ರಹಾಲಯದಲ್ಲಿದೆ. ಜನ ಅದನ್ನು ನೋಡಿ ಬೆರಗಾಗುತ್ತಾರೆ. ಆದರೆ ಗುಂಡಿಗೂ ಕುದುರೆಗೂ ನಡುವೆ ನಿಂತ ಆಳಿನ ನೆನಪೂ ಅದರೊಡನೆ ಬರತಕ್ಕದ್ದು.

ಕುದುರೆಗಳು ಸಮುದ್ರವನ್ನು ದಾಟುವುದು ಹೊಸದಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ನ್ಯೂ ಸೌತ್ ವೇಲ್ಸಿನಿಂದ ಹಡಗುಗಳಲ್ಲಿ ಮದರಾಸು ಕಲ್ಕತ್ತೆಗಳಿಗೆ ಕುದುರೆಗಳು ಬರುತ್ತಿದ್ದುವು. ನಮ್ಮ ದೇಶದ ಸೈನ್ಯಗಳಲ್ಲಿ ಅವುಗಳನ್ನು ‘ವೇಲರ್’ ಎಂದು ಕರೆಯುತ್ತಿದ್ದರು. ಈಗ ವಿಮಾನಗಳಲ್ಲಿ ಯೂರೋಪಿನಿಂದಲೂ ಜಪಾನಿನಿಂದಲೂ ಕುದುರೆಗಳು ಮೆಲ್ಬೋರ್ನಿಗೆ ಹೋಗುತ್ತವೆ. ೧೯೯೩ರಲ್ಲಿ ಐರ್ಲೆಂಡಿನ ವಿಂಟೇಜ್ ಕ್ರಾಪ್ ಗೆದ್ದಂದಿನಿಂದ ಈ ಪಂದ್ಯವು ನಿಜವಾಗಿ ಅಂತರರಾಷ್ಟ್ರೀಯವಾಯಿತು. ೨೦೦೬ರಲ್ಲಿ ಮೊದಲೆರಡು ಸ್ಥಾನಗಳೂ ಜಪಾನಿನ ಪಾಲಾದುವು. ಪರಸ್ಥಳದ ರೋಗವು ಒಳಗೆ ಬಾರದಿರಲೆಂದು ಇಂಥ ಕುದುರೆಗಳನ್ನು ಹೊರಡುವುದಕ್ಕೆ ಮೊದಲು ಎರಡು ವಾರವೂ, ಬಂದಿಳಿದ ಮೇಲೆ ವೆರಿಬೀ ಎಂಬ ಸ್ಥಳದಲ್ಲಿ ಎರಡು ವಾರವೂ ಪ್ರತ್ಯೇಕವಾಗಿ ಇಡುತ್ತಾರೆ. ಪ್ರಯಾಣದಲ್ಲಿ ಬಹಳ ಹೊತ್ತು ತಲೆಯನ್ನೆತ್ತಿ ಕಟ್ಟಿದರೆ ಕುದುರೆಯ ಶ್ವಾಸನಾಳವು ಶುದ್ಧವಾಗದೆ ಪುಪ್ಪುಸಕ್ಕೆ ಜ್ವರವು ಇಳಿಯುವುದುಂಟು. ಆದುದರಿಂದ ಅದು ತಲೆಯನ್ನು ತಗ್ಗಿಸುವುದಕ್ಕೆ ಅವಕಾಶವಿರಬೇಕು. ಇನ್ನೊಂದು ವಿಚಿತ್ರ: ಉತ್ತರದೇಶದ ಕುದುರೆಯ ಮೈಯು ಚಳಿಗಾಲವು ಬಂದಿತೆಂದು ತಿಳಿದು ಉದ್ದನೆಯ ರೋಮವನ್ನು ಬೆಳೆಸಲಾರಂಭಿಸುತ್ತದೆ, ಇಳಿದ ನಾಡಿನಲ್ಲಾದರೋ ವಸಂತದ ಬಿಸಿಲು.

ಇನ್ನು ದೇಹದ ಸಿದ್ಧತೆ. ಕುದುರೆಯು ಪ್ರತಿಯೊಂದು ಕಾಲಿನಲ್ಲಿಯೂ ಒಂದೇ ಬೆರಳಿನ ಮೇಲೆ ನಿಲ್ಲುವ ಪ್ರಾಣಿ. ಆ ಬೆರಳಿನ ತುದಿಯೇ ಗೊರಸು. ಪಂದ್ಯದ ಕುದುರೆಯ ತೂಕವು ಸುಮಾರು ೫೦೦ ಕಿಲೋಗ್ರಾಂ. ಅದು ಪೂರ್ಣವೇಗದಲ್ಲಿ ಓಡುವಾಗ ಒಂದು ಕ್ಷಣ ಒಂದೇ ಮುಂಗಾಲಿನ ಮೇಲೆ ಮೈತೂಕದ ಎರಡರಷ್ಟಕ್ಕಿಂತಲೂ ಹೆಚ್ಚಾದ ಒತ್ತಡವು ಬೀಳುತ್ತದೆ. ಎಲುಬು ಸತ್ತ ಕಲ್ಲಲ್ಲ. ಓಡಿಸಿದಷ್ಟೂ ಅದು ಒಳಗೇ ಗಟ್ಟಿಯಾಗುತ್ತದೆ. ಆದರೆ ಗಟ್ಟಿಯಾಗುವುದಕ್ಕೂ ಕಾಲ ಬೇಕು, ವಿಶ್ರಾಂತಿ ಬೇಕು. ವಿಶ್ರಾಂತಿಯಿಲ್ಲದೆ ಓಡಿಸಿದರೆ ಕಣ್ಣಿಗೆ ಕಾಣದ ಸಣ್ಣ ಬಿರುಕುಗಳು ಹುಟ್ಟಿ, ಕೂಡಿಕೊಂಡು, ಒಂದು ದಿನ ಓಟದ ನಡುವೆಯೇ ಎಲುಬು ಮುರಿಯುತ್ತದೆ. ಕಡಮೆ ಓಡಿಸಿದರೆ ದೇಹವು ಹದಗೊಳ್ಳುವುದಿಲ್ಲ. ಹೆಚ್ಚು ಓಡಿಸಿದರೆ ಕೆಡುತ್ತದೆ. ಈ ಎರಡರ ನಡುವಣ ಸಣ್ಣ ದಾರಿಯನ್ನು ಕಂಡುಹಿಡಿಯುವುದೇ ಪಳಗಿಸುವವನ ವಿದ್ಯೆ.

ಈ ದಾರಿಯು ತಪ್ಪಿದರೆ ಆಗುವ ನಷ್ಟವು ಹಣದ್ದಲ್ಲ. ೨೦೧೪ರಲ್ಲಿ ಜಪಾನಿನಿಂದ ಬಂದು, ಎಲ್ಲಕ್ಕಿಂತ ಹೆಚ್ಚು ಭಾರವನ್ನು ಹೊತ್ತು, ಗೆಲ್ಲುವ ನಿರೀಕ್ಷೆಯನ್ನು ಹುಟ್ಟಿಸಿದ್ದ ಅಡ್ಮೈರ್ ರಕ್ತಿ ಎಂಬ ಕುದುರೆಯು ಪಂದ್ಯ ಮುಗಿದ ಸ್ವಲ್ಪ ಹೊತ್ತಿನಲ್ಲಿ ತನ್ನ ಕಟ್ಟೆಯಲ್ಲಿಯೇ ಕುಸಿದು ಸತ್ತಿತು. ೨೦೧೯ರಲ್ಲಿ ಇಂಗ್ಲೆಂಡಿನ ಡರ್ಬಿಯನ್ನು ಗೆದ್ದಿದ್ದ ಆಂಥೊನಿ ವ್ಯಾನ್ ಡೈಕ್ ೨೦೨೦ರ ಕಪ್ಪಿನಲ್ಲಿ ಗೊರಸಿನ ಮೇಲಿನ ಗೆಣ್ಣು ಮುರಿದು ಪ್ರಾಣ ಬಿಟ್ಟಿತು. ಇದು ಜನರ ಮನಸ್ಸನ್ನು ಕಲಕಿತು. ವಿಚಾರಣೆ ನಡೆದು, ೨೦೨೧ರಲ್ಲಿ ಪರದೇಶದ ಕುದುರೆಗಳ ಸಂಖ್ಯೆಯನ್ನು ಮಿತಗೊಳಿಸಿ, ಯಂತ್ರದಿಂದ ಅವುಗಳ ಕಾಲೆಲುಬಿನ ಒಳಚಿತ್ರವನ್ನು ತೆಗೆದು ನೋಡಬೇಕೆಂಬ ನಿಯಮವನ್ನು ಮಾಡಿದರು. ದೂರದಿಂದ ಅಷ್ಟು ವೆಚ್ಚದಲ್ಲಿ ತಂದ ಕುದುರೆಯನ್ನು ಈ ಪರೀಕ್ಷೆಯ ಫಲವನ್ನು ನೋಡಿ ಓಡಿಸದೆ ನಿಲ್ಲಿಸಬೇಕಾಗಿ ಬಂದರೆ ಒಡೆಯನಿಗೆ ನಿರಾಶೆಯು ಸಹಜ. ಆದರೂ ಆ ನಿರಾಶೆಯು ಕುದುರೆಯ ಪ್ರಾಣಕ್ಕಿಂತ ದೊಡ್ಡದಲ್ಲ. ಪಂದ್ಯವೇ ಬೇಡವೆನ್ನುವವರೂ ಆ ದೇಶದಲ್ಲಿದ್ದಾರೆ. ಅವರ ಮಾತನ್ನು ಹಗುರವಾಗಿ ತಳ್ಳಿಹಾಕಲಾಗದು.

ಹೀಗೆ ಶನಿವಾರವು ಬರುತ್ತದೆ. ಅಂದು ಅದೇ ಮೈದಾನದಲ್ಲಿ ಡರ್ಬಿ ಪಂದ್ಯವು ಮುಗಿದ ಮೇಲೆ ಕಪ್ಪಿನಲ್ಲಿ ಓಡತಕ್ಕ ಕುದುರೆಗಳ ಕೊನೆಯ ಪಟ್ಟಿಯು ನಿಶ್ಚಯವಾಗುತ್ತದೆ. ಅವು ಇಪ್ಪತ್ತುನಾಲ್ಕನ್ನು ಮೀರಕೂಡದು. ಯಾವುದು ಯಾವ ಗೂಡಿನಿಂದ ಹೊರಡಬೇಕೆಂಬುದನ್ನು ಚೀಟಿಯೆತ್ತಿದಂತೆ ಗೊತ್ತುಮಾಡುತ್ತಾರೆ. ಮೂರು ಹಿಡಿಗಳ ಬಂಗಾರದ ಬಟ್ಟಲು ಕಾದಿರುತ್ತದೆ. ಊರಿನಲ್ಲಿ ಹೊಸ ಉಡುಪುಗಳ, ಟೋಪಿಗಳ, ಔತಣಗಳ ಸಂಭ್ರಮ. ಲಾಯದಲ್ಲಾದರೋ ಎಂದಿನ ಕೆಲಸವೇ. ಆಳು ಬೆಳಗಿನ ಜಾವದಲ್ಲೆದ್ದು ಗೋದಲಿಯಲ್ಲಿ ದಾಣಿ ಉಳಿದಿದೆಯೇ ಎಂದು ನೋಡುತ್ತಾನೆ. ಕುದುರೆಯ ಕಾಲುಗಳನ್ನು ಅಂಗೈಯಿಂದ ಸವರಿ ಎಲ್ಲಿಯಾದರೂ ಬಿಸಿಯಿದೆಯೇ ಎಂದು ಪರೀಕ್ಷಿಸುತ್ತಾನೆ. ಸಾವಿರ ಲೆಕ್ಕಗಳಿಗಿಂತ ಆ ಅಂಗೈ ಹೇಳುವ ಸುದ್ದಿಯೇ ಮೇಲು.

ನಮ್ಮ ನಾಡಿಗೂ ಕುದುರೆಯ ಸಂಬಂಧವು ಹಳೆಯದು. ಟಿಪ್ಪುವಿನ ಕಾಲದಿಂದ ಕುಣಿಗಲಿನಲ್ಲಿ ಕುದುರೆಗಳನ್ನು ಸಾಕಿ ಬೆಳೆಸಿದ್ದಾರೆ. ಚಾಮುಂಡಿಬೆಟ್ಟದ ತಪ್ಪಲಿನ ಪಂದ್ಯದ ಮೈದಾನವನ್ನು ಮೈಸೂರಿನವರೆಲ್ಲರೂ ಬಲ್ಲರು. ಮುಂದೆ ಎಂದಾದರೂ ನಾವು ಒಂದು ಪಂದ್ಯವನ್ನು ನೋಡುವಾಗ, ಯಾವುದು ಗೆದ್ದೀತು ಎಂದು ಕೇಳುವುದಕ್ಕೆ ಮೊದಲು, ಈ ಬಾಯಿಲ್ಲದ ಪ್ರಾಣಿಯ ಪರವಾಗಿ ಯಾರು ನೋಡಿದ್ದಾರೆ, ಎಷ್ಟು ನೋಡಿದ್ದಾರೆ ಎಂದು ಕೇಳಿಕೊಳ್ಳೋಣ. ಅಕ್ಷಹೃದಯವನ್ನು ಬಲ್ಲವರು ಎಲ್ಲ ಕಾಲದಲ್ಲಿಯೂ ಬೇಕಾದಷ್ಟು ಮಂದಿ ದೊರೆಯುತ್ತಾರೆ. ಕುದುರೆಯು ಓಟದಿಂದ ಕ್ಷೇಮವಾಗಿ ಲಾಯಕ್ಕೆ ಹಿಂದಿರುಗುವುದು ಮಾತ್ರ ಅಶ್ವಹೃದಯವನ್ನು ಬಲ್ಲವರಿಂದಲೇ.