ಒಂದೇ ದಾರಕ್ಕೆ ಎರಡು ಗಾಳ

ಪದವಿ ಮುಗಿದು ಎರಡು ವರ್ಷವಾಯಿತು. ಎರಡು ಸ್ಪರ್ಧಾತ್ಮಕ ಪರೀಕ್ಷೆ ಬರೆದೆ. ಒಂದು ಸ್ವಲ್ಪದರಲ್ಲಿ ಕೈತಪ್ಪಿತು, ಇನ್ನೊಂದರ ಫಲಿತಾಂಶ ಇನ್ನೂ ಬಂದಿಲ್ಲ. ಸೊರಬ ತಾಲ್ಲೂಕಿನ ನಮ್ಮೂರಲ್ಲಿ ಹಗಲು ಹೊತ್ತು ಮನೆಯಲ್ಲಿ ಕೂರುವ ಹುಡುಗನನ್ನು ಯಾರೂ ಸುಮ್ಮನೆ ಬಿಡುವುದಿಲ್ಲ. ಡೇರಿಗೆ ಹಾಲು ಹಾಕಲು ಹೋದರೂ ‘ಏನಾಯ್ತೋ ತಮ್ಮಾ?’ ಎಂಬ ಪ್ರಶ್ನೆ ಕಾದಿರುತ್ತದೆ. ಅದನ್ನು ತಪ್ಪಿಸಿಕೊಳ್ಳಲು ನಾನು ಹಿಡಿದ ಜಾಗ ದಂಡಾವತಿ ಹೊಳೆಯ ದಡ.

ನಮ್ಮ ಸೀಮೆಯಲ್ಲಿ ಮೀನು ಅಂದರೆ ಮೊದಲು ನೆನಪಾಗುವುದು ಕೆರೆಬೇಟೆ. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಸುತ್ತಲ ಹಳ್ಳಿಗಳ ಜನ ಬಿದಿರಿನ ಕೂಣಿ ಹಿಡಿದು ಒಟ್ಟಿಗೆ ಕೆಸರಿಗೆ ಇಳಿಯುತ್ತಾರೆ. ಕೂಣಿ ಊರುವುದು, ಮೇಲಿನ ಬಾಯಿಂದ ಕೈ ಹಾಕಿ ತಡಕುವುದು, ಕೂಗಾಟ, ನಗು! 2024ರಲ್ಲಿ ಇದೇ ಹೆಸರಿನ ಸಿನಿಮಾ ಕೂಡ ಬಂತು. ಆದರೆ ಶಿಕಾರಿಪುರದ ಕಡೆಯ ನನ್ನ ಅಜ್ಜನಿಗೆ ಆ ಗದ್ದಲ ಆಗದು. ಅವರದ್ದು ವಾಟೆಕೋಲು, ತಂಗೂಸು ದಾರ, ಜೋಳದ ದಂಟಿನ ಬೆಂಡು, ಒಂದು ಎರೆಹುಳು. ಬೆಂಡು ಅಲುಗಿದರೆ ಸಾಲದು, ಮುಳುಗಬೇಕು; ಆಗ ಎಳೆಯಬೇಕು. ರಜೆಯಲ್ಲಿ ಅವರ ಪಕ್ಕ ಕೂತು ನಾನು ಕಲಿತದ್ದು ಅಷ್ಟೇ.

ಮೊನ್ನೆ ಮಳೆಗಾಲ ಮುಗಿಯುವ ಹೊತ್ತಿಗೆ ಮೊಬೈಲಿನಲ್ಲಿ ಒಂದು ವಿಡಿಯೊ ನೋಡಿದೆ. ತಣ್ಣನೆಯ ಹೊಳೆಯಲ್ಲಿ ಟ್ರೌಟ್ ಹಿಡಿಯುವವರು ಒಂದೇ ದಾರಕ್ಕೆ ಎರಡು ಗಾಳ ಕಟ್ಟಿದ್ದರು. ಮೇಲಿನದು ಗರಿ ಸುತ್ತಿ ಮಾಡಿದ ಹುಸಿ ಕೀಟ, ನೀರಿನ ಮೇಲೆ ತೇಲುತ್ತದೆ. ಅದಕ್ಕೆ ಡ್ರೈ ಫ್ಲೈ ಎನ್ನುತ್ತಾರೆ. ಅದರ ಕೊಕ್ಕೆಯ ಬಾಗಿಗೆ ಒಂದೆರಡು ಅಡಿ ಸಣ್ಣ ದಾರ ಗಂಟುಹಾಕಿ, ತುದಿಗೆ ಭಾರದ ಇನ್ನೊಂದು ಹುಸಿ ಹುಳು. ರೆಕ್ಕೆ ಬಲಿಯುವ ಮುನ್ನ ನೀರಡಿಯಲ್ಲಿ ಬದುಕುವ ಮರಿಕೀಟದ ರೂಪ ಅದಕ್ಕೆ, ಹೆಸರು ನಿಂಫ್. ಟ್ರೌಟ್ ತನ್ನ ಆಹಾರದ ಬಹುಪಾಲನ್ನು ನೀರಿನೊಳಗೇ ತಿನ್ನುತ್ತದಂತೆ. ಮೀನು ಮೇಲೆ ಬಂದರೆ ಗರಿಗೆ ಸಿಗುತ್ತದೆ. ಕೆಳಗೇ ಕಚ್ಚಿದರೆ ಗರಿ ಗಕ್ಕನೆ ನಿಲ್ಲುತ್ತದೆ ಇಲ್ಲವೇ ಮುಳುಗುತ್ತದೆ. ಅಂದರೆ ಅದೇ ಗಾಳ, ಅದೇ ಬೆಂಡು! ಅಜ್ಜನ ಬೆಂಡಿಗೂ ಒಂದು ಕೊಕ್ಕೆ ಇದ್ದಂತೆ.

ಟ್ರೌಟ್ ನಮ್ಮ ಹೊಳೆಯಲ್ಲಿಲ್ಲ. ಅದಕ್ಕೆ ಚಳಿನೀರು ಬೇಕು. ನಮಗೆ ಹತ್ತಿರ ಅಂದರೆ ನೀಲಗಿರಿ ಬೆಟ್ಟದ ತೊರೆಗಳು, ಅಲ್ಲಿಗೂ ಬ್ರಿಟಿಷರೇ ತಂದು ಬಿಟ್ಟದ್ದು. ಆದರೆ ಸಂಜೆ ದಂಡಾವತಿಯಲ್ಲಿ ಬೆಳ್ಳಿ ಬಣ್ಣದ ಸಣ್ಣ ಮೀನುಗಳು ಹುಳು ಹಿಡಿಯಲು ಪುಟಪುಟನೆ ಮೇಲೇಳುವುದನ್ನು ನೋಡಿದ್ದೆನಲ್ಲ, ಪ್ರಯತ್ನಿಸಿದರೇನು ಅನ್ನಿಸಿತು. ರೀಲ್ ಇರುವ ದುಬಾರಿ ಕೋಲು ಕೊಳ್ಳಲು ಯಾರ ಹತ್ತಿರ ದುಡ್ಡಿದೆ? ಜಪಾನಿನ ತೆಂಕಾರಾ ಪದ್ಧತಿಯಲ್ಲಿ ರೀಲೇ ಇಲ್ಲ, ಕೋಲಿನ ತುದಿಗೇ ದಾರ ಕಟ್ಟುತ್ತಾರೆ. ಅಜ್ಜನ ವಾಟೆಕೋಲಿಗೆ ಮರ್ಯಾದೆ ಬಂತು.

ನಮ್ಮ ಹುಂಜದ ಕುತ್ತಿಗೆಯ ಗರಿ ಎರಡು ಕಿತ್ತೆ (ಅಮ್ಮ ಬೈದಳು). ಕೊಕ್ಕೆಗೆ ಸುತ್ತಿ, ನೀರು ಹಿಡಿಯದಂತೆ ವ್ಯಾಸಲೀನ್ ಸವರಿದೆ. ಕೆಳಗಿನದಕ್ಕೆ ಸುಟ್ಟುಹೋದ ಪಂಪ್‌ಸೆಟ್ ಮೋಟಾರಿನ ತಾಮ್ರದ ತಂತಿ. ಇದು ನನ್ನ ತಲೆಯಿಂದ ಬಂದದ್ದಲ್ಲ. ಇಂಗ್ಲೆಂಡಿನಲ್ಲಿ ಏವನ್ ನದಿಯ ಉಸ್ತುವಾರಿ ನೋಡುತ್ತಿದ್ದ ಫ್ರಾಂಕ್ ಸಾಯರ್ ದಾರದ ಬದಲು ತೆಳು ತಾಮ್ರದ ತಂತಿಯಲ್ಲೇ ಗರಿ ಸುತ್ತಿ ನಿಂಫ್ ಕಟ್ಟುತ್ತಿದ್ದರು.

ಮೊದಲ ದಿನ ತಂತಿ ಹೆಚ್ಚಾಗಿ ಗರಿಯೂ ಮುಳುಗಿತು. ಎರಡನೇ ದಿನ ಎಸೆದಾಗಲೆಲ್ಲ ಎರಡೂ ಗಾಳ ಸುತ್ತಿಕೊಂಡವು. ಗಂಟು ಬಿಡಿಸುವುದರಲ್ಲೇ ಸಂಜೆಯಾಯಿತು. ಫೋನಿನಲ್ಲಿ ಅಜ್ಜನಿಗೆ ಹೇಳಿದೆ. ಅವರು ಕೇಳಿದ್ದು ಒಂದೇ: ‘ನೀರು ಎಷ್ಟು ಐತಿ?’ ಮೊಣಕಾಲುದ್ದ ಎಂದೆ. ‘ಮತ್ತೆ ಮೊಳದುದ್ದ ದಾರ ಯಾಕೆ? ನೆಲಕ್ಕೆ ಬಿದ್ದು ಕಸ ಕಚ್ಚತೈತಿ. ಗೇಣು ಸಾಕು.’ ಕೆರೆಯಲ್ಲಿ ಕಾಟ್ಲಾ ಮೇಲೆ ಮೇಯುತ್ತದೆ, ರೋಹು ನಡುವೆ, ಮೃಗಾಲ್ ತಳದಲ್ಲಿ. ಒಂದು ಗಾಳದವನು ಒಂದು ಅಂತಸ್ತಿನ ಮೀನನ್ನಷ್ಟೇ ಕೇಳುತ್ತಾನೆ ಎಂದು ವಿವರಿಸಿದರು. ಟ್ರೌಟ್ ಹೆಸರು ಕೇಳದ ಅಜ್ಜನಿಗೆ ಈ ಲೆಕ್ಕ ಮೊದಲೇ ಗೊತ್ತಿತ್ತು. ಜೊತೆಗೆ ಎಂದಿನ ಎಚ್ಚರಿಕೆ: ಮುಂಗಾರಿನ ಮೊದಲ ನೀರಿಗೆ ಮೊಟ್ಟೆಯಿಡಲು ಏರಿ ಬರುವ ಹತ್ತುಮೀನಿಗೆ ಮಾತ್ರ ಗಾಳ ಹಾಕಬಾರದು.

ಗೇಣುದ್ದ ಮಾಡಿದೆ. ತಂತಿ ನಾಲ್ಕು ಸುತ್ತು ಬಿಚ್ಚಿದೆ. ಐದನೇ ಸಂಜೆ ಗರಿ ಹರಿವಿನ ಜೊತೆ ಬಂದು, ಬಂಡೆಯ ಪಕ್ಕ ಸುಮ್ಮನೆ ನಿಂತಿತು. ಎಳೆದೆ. ಕೆಳಗಿನ ತಾಮ್ರದ ಹುಳಕ್ಕೆ ಬೆರಳುದ್ದದ ಮೀನು! ಸಾರಿಗೂ ಸಾಲದು, ಬಿಟ್ಟುಬಿಟ್ಟೆ. ಆದರೆ ಹಾಗೆ ಎದೆ ಬಡಿದುಕೊಂಡು ಎಷ್ಟು ತಿಂಗಳಾಗಿತ್ತೋ.

ಅದೇ ವಾರ ಶಿವಮೊಗ್ಗದ ಖಾಸಗಿ ಕಂಪನಿಯೊಂದರಿಂದ ಕರೆ ಬಂತು. ತಿಂಗಳಿಗೆ 14 ಸಾವಿರ. ಸೇರಿದರೆ ಓದಿಗೆ ಸಮಯವೆಲ್ಲಿ, ಬಿಟ್ಟರೆ ಮನೆಯ ಖರ್ಚಿಗೆ ದಾರಿಯೆಲ್ಲಿ? ‘ಎರಡು ದೋಣಿ ಮೇಲೆ ಕಾಲಿಡಬೇಡ’ ಎಂದಳು ಅಮ್ಮ. ಅಪ್ಪ ಏನೂ ಹೇಳಲಿಲ್ಲ, ಪಂಪ್‌ಸೆಟ್ ರಿಪೇರಿಯ ಚೀಟಿಯನ್ನು ಮಡಚಿ ಜೇಬಿಗಿಟ್ಟುಕೊಂಡರು. ಆ ಚೀಟಿ ನೋಡಿದ ಮೇಲೆ ಹೆಚ್ಚು ಯೋಚಿಸಲಿಲ್ಲ. ಸೋಮವಾರ ಬೆಳಿಗ್ಗೆಯ ಬಸ್ಸಿಗೆ ಹೊರಡುತ್ತಿದ್ದೇನೆ, ಪರೀಕ್ಷೆಯ ಪುಸ್ತಕ ನಾಲ್ಕು ಚೀಲದಲ್ಲಿವೆ.

ನಿನ್ನೆ ಅಜ್ಜ ಫೋನ್ ಮಾಡಿದ್ದರು. ಆಶೀರ್ವಾದ ಮಾಡುತ್ತಾರೇನೋ ಅಂದುಕೊಂಡರೆ, ‘ಶಿವಮೊಗ್ಗದಾಗೆ ಸಣ್ಣ ತಂಗೂಸು ಸಿಗತೈತಂತೆ, ಎರಡು ಉಂಡೆ ತಗಂಬಾ. ನಿನ್ನ ಕೋಳಿಗರಿದೂ ಒಂದು ಕಟ್ಟಿಕೊಡು’ ಎಂದರು.